ಕುಂಕುಮ ಇಡಬಾರದ ಜಾಗ

ಅಕ್ಕನ ತಿಥಿ ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಯ ಹೆಂಗಸು, "ಪಾಪ, ಒಂಟಿ ಜೀವ, ಏನೂ ಕಾಣ್ಲಿಲ್ಲ" ಅಂದರು.

ನಾನು ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿ, "ಏನು ಕಾಣ್ಲಿಲ್ಲ?" ಅಂತ ಕೇಳಿದೆ. ಅವರು ಗಾಬರಿಯಾಗಿ ತಮ್ಮ ಎಲೆ ನೋಡಿಕೊಂಡರು. ಅನ್ನದ ಮುಂದೆ ಕೂತು ಜಗಳ ಆಡಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದರು, ಸುಮ್ಮನಾದೆ. ಆದರೆ ಮನೆಗೆ ಬಂದು ಸಂಜೆ ದೀಪ ಹಚ್ಚಿದ ಮೇಲೂ ಆ "ಪಾಪ" ನನ್ನ ಕಿವಿಯಿಂದ ಹೋಗಲಿಲ್ಲ. ಅಕ್ಕನ ಹಿಂದೆ ಉಳಿಯುವ ಮಾತು ಅದಾಗಬಾರದು. ಅದೊಂದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಾಮಾನಿನ ಚೀಟಿ ಮತ್ತು ಅಣ್ಣನಿಗೆ ಕಾಗದ ಬಿಟ್ಟರೆ ನಾನು ಬರೆದವಳಲ್ಲ, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಹೆಸರು ಬರೆಯುವುದಿಲ್ಲ. ತಾವು ಮಾಡಿದ ಯಾವ ಕೆಲಸದ ಮೇಲೂ ಅವರು ಹೆಸರು ಹಾಕಿದವರಲ್ಲ. ಒಮ್ಮೆ ಯಾರೋ ಗಿರಾಕಿ, ನಿಮ್ಮದು ಅಂತ ಗೊತ್ತಾಗೋ ಹಾಗೆ ಒಂದು ಗುರುತು ಕೊರೀಬಾರದೇ ಅಂದಿದ್ದಕ್ಕೆ, "ಸೋರದಿದ್ರೆ ನಂದು ಅಂತ ತಿಳ್ಕೊಳ್ಳಿ" ಅಂದಿದ್ದರು. ಬೀದಿಗೆಲ್ಲಾ ಅವರು ಅಕ್ಕ. ನನಗೂ ಅಕ್ಕನೇ.

ತೊಂಬತ್ತರ ದಶಕದ ಶುರುವಿನಲ್ಲಿ ನಾವು ತುಮಕೂರಿನ ಶೆಟ್ಟಿಹಳ್ಳಿಗೆ ಬಾಡಿಗೆಗೆ ಬಂದೆವು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗುಮಾಸ್ತರು. ಪಕ್ಕದ ಮನೆ ಅಕ್ಕನದು. ಮನೆಯ ಹಿಂದೆ ಸಿಮೆಂಟ್ ಶೀಟು ಹೊದಿಸಿದ ಒಂದು ಶೆಡ್ಡು. ದಿನಾ ಬೆಳಗ್ಗೆ ಅಲ್ಲಿಂದ ಸರ್‌ ಸರ್‌ ಅಂತ ಒಂದು ಶಬ್ದ ಬರುತ್ತಿತ್ತು, ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ನಿಧಾನ ಉಜ್ಜಿದ ಹಾಗೆ. ಒಂದು ವಾರ ಕೇಳಿಸಿಕೊಂಡೆ. ಎಂಟನೇ ದಿನ ಚೌಡೇಶ್ವರಿ ಪ್ರಸಾದ ಕೊಡುವ ನೆಪ ಮಾಡಿಕೊಂಡು ಹೋಗಿ ಇಣುಕಿದೆ.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ರೊಟ್ಟಿ ಕಲ್ಲಿಗಿಂತ ದೊಡ್ಡದಾದ ಒಂದು ಕಬ್ಬಿಣದ ತಟ್ಟೆಯ ಮುಂದೆ ನಿಂತಿದ್ದರು. ತಟ್ಟೆಯ ಮೇಲೆ ಬೂದು ಬಣ್ಣದ ಪೇಸ್ಟು. ಮೂರು ಬೆರಳಲ್ಲಿ ಒಂದು ಕಪ್ಪು ಬಳೆಯಂಥದ್ದನ್ನು ಹಿಡಿದು ಅದರ ಮೇಲೆ ಎಂಟರ ಆಕಾರದಲ್ಲಿ ತಿರುಗಿಸುತ್ತಿದ್ದರು. ನನ್ನನ್ನು ನೋಡಿ, "ಯಾವ ದೇವ್ರದು?" ಅಂದರು. ಹೇಳಿದೆ. "ಕೈ ಖಾಲಿ ಇಲ್ಲ, ಬಾಯಿಗೆ ಹಾಕು" ಅಂತ ಬಾಯಿ ತೆರೆದರು. ನಮ್ಮ ಪರಿಚಯ ಆಗಿದ್ದು ಹೀಗೆ.

ಅವರ ಕೆಲಸ ಏನು ಅಂತ ನನಗೆ ಅರ್ಥವಾಗಲು ತಿಂಗಳಾಯಿತು. ಅವರು ಹೇಳಿದಂತೆಯೇ ಹೇಳುತ್ತೇನೆ. ಕಾರ್ಖಾನೆಯ ಪಂಪಿನೊಳಗೆ ಒಂದು ದಪ್ಪ ಕಂಬಿ ತಿರುಗುತ್ತಿರುತ್ತದೆ. ಆ ಕಂಬಿ ಹೊರಗಿನಿಂದ ಒಳಗೆ ಹೋಗಬೇಕಲ್ಲ, ಅದಕ್ಕೊಂದು ತೂತು. ಆ ತೂತಿನಿಂದ ಒಳಗಿರುವ ಎಣ್ಣೆಯೋ ಬಿಸಿನೀರೋ ಆಸಿಡ್ಡೋ ಆಚೆ ಬರಬಾರದು. ತಡೆಯುವುದಕ್ಕೆ ಎರಡು ಬಳೆಗಳು. ಒಂದು ಕಂಬಿಯ ಜೊತೆ ತಿರುಗುತ್ತದೆ, ಇನ್ನೊಂದು ಅಲ್ಲಾಡದೆ ಕೂತಿರುತ್ತದೆ. ಎರಡನ್ನೂ ಮುಖಕ್ಕೆ ಮುಖ ಒತ್ತಿ ಹಿಂದಿನಿಂದ ಸ್ಪ್ರಿಂಗು ತಳ್ಳುತ್ತಿರುತ್ತದೆ. ಇದಕ್ಕೆ ಮೆಕ್ಯಾನಿಕಲ್ ಸೀಲು ಅನ್ನುತ್ತಾರೆ. ಆ ಎರಡು ಮುಖಗಳು ಕನ್ನಡಿಗಿಂತ ಸಮವಾಗಿರಬೇಕು. ವರ್ಷ ಎರಡು ವರ್ಷ ಓಡಿ ಸವೆದು ಗೀರು ಬಿದ್ದ ಸೀಲುಗಳನ್ನು ಜನ ಗುಜರಿಗೆ ಹಾಕುತ್ತಾರೆ. ಅಕ್ಕ ಅವನ್ನು ಬಿಚ್ಚಿ, ತೊಳೆದು, ಸ್ಪ್ರಿಂಗು ರಬ್ಬರು ಬದಲಾಯಿಸಿ, ಮುಖ ಉಜ್ಜಿ, ಹೊಸದು ಮಾಡಿ ಕಳಿಸುತ್ತಿದ್ದರು.

ಸಮ ಆಯಿತೋ ಇಲ್ಲವೋ ನೋಡುವ ರೀತಿ ಇನ್ನೂ ಚೆಂದ. ಉಜ್ಜಿದ ಮುಖದ ಮೇಲೆ ದಪ್ಪನೆಯ ಗಾಜಿನ ಬಿಲ್ಲೆ ಇಟ್ಟು, ಒಂದು ಪೆಟ್ಟಿಗೆಯೊಳಗಿನ ಹಳದಿ ದೀಪದ ಕೆಳಗೆ ಹಿಡಿಯುತ್ತಿದ್ದರು. ಗಾಜಿನೊಳಗೆ ಕಪ್ಪು ಗೆರೆಗಳು ಮೂಡುತ್ತಿದ್ದವು. ಗೆರೆ ನೆಟ್ಟಗಿದ್ದರೆ ಮುಖ ಸಮ. ಬಾಗಿದ್ದರೆ ಎಲ್ಲೋ ಉಬ್ಬಿದೆ, ಮತ್ತೆ ಉಜ್ಜಬೇಕು. ಆ ಉಬ್ಬು ಕೂದಲೆಳೆಯ ನೂರನೇ ಪಾಲೂ ಇರುವುದಿಲ್ಲವಂತೆ. ನೆಟ್ಟಗಿನ ಗೆರೆ ಕಂಡರೆ ಅಕ್ಕ ತಲೆ ಒಂದು ಕಡೆ ವಾಲಿಸಿ ನೋಡಿ, "ಆಯ್ತು" ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ನಾನು ಕೇಳಿಲ್ಲ. ನನ್ನ ಹುಳಿಗೂ ಇಲ್ಲ, ನನ್ನ ಮಗಳ ಫಸ್ಟ್‌ಕ್ಲಾಸಿಗೂ ಇಲ್ಲ.

ಏನೂ ಕಾಣಲಿಲ್ಲವಂತೆ. ಅವರಿಗೆ ಕಂಡಷ್ಟು ಇನ್ಯಾರಿಗೆ ಕಂಡಿತ್ತು ಹೇಳಿ.

ಈ ಕೆಲಸ ಅವರ ಯಜಮಾನರದು. ಅವರು ಯಾವುದೋ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು, ಕೆಲಸ ಬಿಟ್ಟು ಶೆಡ್ಡು ಹಾಕಿದ್ದರಂತೆ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿ ಗಾಜಿನೊಳಗಿನ ಗೆರೆ ಕಾಣದೆ ಹೋಯಿತು. ಆಗ ನಿಟ್ಟೂರಿನಿಂದ ಮದುವೆಯಾಗಿ ಬಂದಿದ್ದ ಅಕ್ಕ ಅವರ ಕಣ್ಣಾದರು. ಅವರು ಉಜ್ಜುವುದು, ಇವರು ಗೆರೆ ನೋಡಿ ಹೇಳುವುದು. ಆಮೇಲೆ ಉಜ್ಜುವ ಕೈಯೂ ಇವರದೇ ಆಯಿತು. ಆರು ವರ್ಷ ಹೀಗೆ ನಡೆದ ಮೇಲೆ ಅವರು ತೀರಿಕೊಂಡರು. ನಾವು ಬರುವ ಹೊತ್ತಿಗೆ ಅಕ್ಕ ಒಬ್ಬರೇ ನಡೆಸುತ್ತಿದ್ದರು.

ಹೊಸ ಗಿರಾಕಿಗಳು ಬಂದು ಬಾಗಿಲಲ್ಲಿ ನಿಂತು, "ಯಜಮಾನ್ರು ಇಲ್ವಾಮ್ಮ?" ಅಂತ ಕೇಳುವುದು ಇದ್ದೇ ಇತ್ತು.

"ಅವ್ರೆ. ಗೋಡೆ ಮೇಲವ್ರೆ" ಅಂತ ಅಕ್ಕ ಫೋಟೊ ತೋರಿಸುತ್ತಿದ್ದರು. "ಈಗ ಮಾತು ಕಮ್ಮಿ ಮಾಡವ್ರೆ. ಸೀಲಿನ ವಿಷ್ಯ ಆದ್ರೆ ನನ್ ಹತ್ರ ಹೇಳಿ."

ಗುಬ್ಬಿ ರಸ್ತೆಯ ಒಬ್ಬ ಎಣ್ಣೆ ಮಿಲ್ಲಿನ ಸಾಹುಕಾರರಿಗೆ ಮಾತ್ರ ಈ ಉತ್ತರ ಸಾಲಲಿಲ್ಲ. ಹೆಂಗಸರ ಕೈಗೆ ತಮ್ಮ ಪಂಪಿನ ಸಾಮಾನು ಕೊಡುವುದಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋದರು. ಅಕ್ಕ ಗುಬ್ಬಿಯ ಗುಜರಿ ಅಂಗಡಿಗೆ ಹೋಗಿ, ಅದೇ ಸಾಹುಕಾರರು ಎಸೆದಿದ್ದ ಸೀಲುಗಳಲ್ಲಿ ಎರಡು ಆರಿಸಿ ತಂದು, ಒಂದು ವಾರ ಕೂತು ಸರಿ ಮಾಡಿ, ಮಿಲ್ಲಿಗೆ ಕಳಿಸಿದರು. ಹಾಕಿ ನೋಡಿ, ಸೋರಿದರೆ ಎಸೆಯಿರಿ ಅಂತ. ಮೂರು ತಿಂಗಳಾದ ಮೇಲೆ ಸಾಹುಕಾರರು ತಾವೇ ಬಂದರು. "ಚೆನ್ನಾಗಿದೆಯಮ್ಮ, ಯಾವ ಕಂಪ್ನಿದು?" ಅಂದರು.

"ನಿಮ್ ಗುಜರಿ ಕಂಪ್ನಿದು ಸಾರ್" ಅಂದರು ಅಕ್ಕ.

ಆ ಸಾಹುಕಾರರು ಆಮೇಲೆ ಎಂದೂ ಬೇರೆ ಕಡೆ ಹೋಗಲಿಲ್ಲ.

ಅವರಿಗೆ ಒಂದು ಅಭ್ಯಾಸವಿತ್ತು. ಯಾವುದನ್ನೂ ನೇರ ನೋಡುತ್ತಿರಲಿಲ್ಲ. ಬದನೆಕಾಯಿ ಕೊಂಡರೂ, ತಾಮ್ರದ ಚೊಂಬು ಬೆಳಗಿದರೂ, ತಲೆ ವಾಲಿಸಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ನನ್ನ ನಾದಿನಿಗೆ ಗಂಡಿನ ಫೋಟೊ ಬಂದಿದ್ದಾಗ ಅದನ್ನೂ ಹಾಗೇ ಹಿಡಿದು ನೋಡಿ, "ಎಲ್ಲೋ ಉಬ್ಬೈತೆ ಕಣೇ, ವಿಚಾರ್ಸಿ" ಅಂದರು. ವಿಚಾರಿಸಿದೆವು. ಉಬ್ಬಿತ್ತು. ಅದು ನಮ್ಮ ಮನೆಯ ದೊಡ್ಡ ಪುಣ್ಯಗಳಲ್ಲಿ ಒಂದು, ಈಗಲೂ ಎಣಿಸುತ್ತೇನೆ.

ಎಣಿಸುವುದು ನನ್ನ ಅಭ್ಯಾಸ. ಸಂಜೆ ದೀಪ ಹಚ್ಚಿ, ಬೆರಳ ಗೆಣ್ಣು ಮುಟ್ಟಿಕೊಂಡು, ಆ ದಿನ ದೇವರು ಮಾಡಿದ ಉಪಕಾರಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತೇನೆ. ಹಾಲು ಉಕ್ಕಲಿಲ್ಲ. ನಲ್ಲಿಯಲ್ಲಿ ನೀರು ಬಂತು. ಅತ್ತೆಗೆ ಕೆಮ್ಮು ಕಡಿಮೆ. ಅಕ್ಕ ಇದನ್ನು ಆಡಿಕೊಳ್ಳುತ್ತಿದ್ದರು. "ಎಷ್ಟಾಯ್ತೇ ಇವತ್ತು?" ಅಂತ ಕಾಂಪೌಂಡಿನ ಆ ಕಡೆಯಿಂದ ಕೂಗುತ್ತಿದ್ದರು. ದೇವಸ್ಥಾನಕ್ಕೆ ಕರೆದರೆ, "ನಿಮ್ ದೇವ್ರು ಸೋರಲ್ವಲ್ಲ, ನನ್ ಹತ್ರ ಏನ್ ಕೆಲ್ಸ, ಬುಡು" ಅನ್ನುತ್ತಿದ್ದರು. ಮೊದಮೊದಲು ನಾನು ಕೆನ್ನೆ ಕೆನ್ನೆ ಬಡಿದುಕೊಂಡು ತಪ್ಪಾಯಿತು ಅನ್ನುತ್ತಿದ್ದೆ, ಅವರ ಪರವಾಗಿ.

ಇನ್ನು ನನ್ನ ತಪ್ಪಿನ ಕತೆ ಹೇಳಬೇಕು. ಅದನ್ನು ಹೇಳದೆ ಅಕ್ಕನ ಕತೆ ಪೂರ್ತಿ ಆಗುವುದಿಲ್ಲ.

ಅಕ್ಕನ ಯಜಮಾನರು ಹೋದ ಮೇಲೆ ಆ ಶೆಡ್ಡಿಗೆ ಆಯುಧ ಪೂಜೆ ಆಗಿರಲಿಲ್ಲ. ನಮ್ಮ ಕಡೆ ಹಬ್ಬದ ದಿನ ಸೈಕಲ್ಲಿನಿಂದ ಹಿಡಿದು ಈಳಿಗೆ ಮಣೆಯವರೆಗೆ ಎಲ್ಲಕ್ಕೂ ಕುಂಕುಮ ಬೀಳುತ್ತದೆ. ಅಕ್ಕನ ಶೆಡ್ಡು ಮಾತ್ರ ಬರಿದು. ಗಂಡ ಇಲ್ಲದವರು ಕುಂಕುಮ ಮುಟ್ಟಿ ಪೂಜೆ ಮಾಡಬಾರದು ಅನ್ನುವುದು ನಮ್ಮ ಬೀದಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರೂ ನಡೆಸುತ್ತಿದ್ದರು. ನಾನೂ ನಡೆಸುತ್ತಿದ್ದೆ. ಪೂಜೆ ಇಲ್ಲದೆ ಬಿದ್ದಿರುವ ಆ ಕಬ್ಬಿಣದ ತಟ್ಟೆ, ಆ ದೀಪದ ಪೆಟ್ಟಿಗೆ ನೋಡಿದಾಗಲೆಲ್ಲ ಅವರ ಪರವಾಗಿ ಇನ್ನೊಂದು ತಪ್ಪಾಯಿತು ಹೇಳಿಕೊಳ್ಳುತ್ತಿದ್ದೆ.

ಒಂದು ವರ್ಷ ಅಕ್ಕನ ತಾಯಿಗೆ ಹುಷಾರಿಲ್ಲದೆ, ಅಕ್ಕ ಹಬ್ಬದ ಹಿಂದಿನ ದಿನ ನಿಟ್ಟೂರಿಗೆ ಹೊರಟರು. ಶೆಡ್ಡಿನ ಬೀಗದ ಕೈ ನನಗೆ ಕೊಟ್ಟರು. "ವಿಜಯದಶಮಿ ಮಾರ್ನೇ ದಿನ ಕುಣಿಗಲ್ ಸೋಪ್ ಫ್ಯಾಕ್ಟ್ರಿ ಫಿಟ್ಟರ್ ಬತ್ತಾನೆ. ಟೇಬಲ್ ಮೇಲೆ ಎರಡು ಡಬ್ಬ ಐತೆ, ಕೊಟ್ಬುಡು" ಅಂದರು. ಆ ಕುಣಿಗಲ್ ರಸ್ತೆಯ ಸಾಬೂನು ಕಾರ್ಖಾನೆಯೇ ಶೆಡ್ಡಿನ ಆಧಾರ. ಮುಕ್ಕಾಲು ಪಾಲು ಕೆಲಸ ಅಲ್ಲಿಂದಲೇ ಬರುತ್ತಿತ್ತು.

ಹಬ್ಬದ ದಿನ ನಮ್ಮ ಮನೆಯ ಪೂಜೆ ಮುಗಿಸಿ ಅರಿಶಿನ ಕುಂಕುಮದ ತಟ್ಟೆ ಹಿಡಿದುಕೊಂಡು ಶೆಡ್ಡಿಗೆ ಹೋದೆ. ಅಕ್ಕನಿಗೆ ಆಗದ್ದನ್ನು ನಾನು ಮಾಡುತ್ತಿದ್ದೇನೆ, ದೇವರು ನೋಡಿಕೊಳ್ಳಲಿ ಅಂದುಕೊಂಡೆ. ಗುಡಿಸಿ, ರಂಗೋಲಿ ಹಾಕಿ, ಮೋಟರಿಗೆ, ಪೆಟ್ಟಿಗೆಗೆ, ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟೆ. ಆಮೇಲೆ ಕಣ್ಣಿಗೆ ಬಿದ್ದವು ಆ ಎರಡು ಡಬ್ಬಗಳು. ಅಕ್ಕನ ಕೈಯ ಕೆಲಸ ಇರುವುದೇ ಅದರೊಳಗೆ, ಅದಕ್ಕೆ ಪೂಜೆ ಇಲ್ಲದೆ ಹೇಗೆ? ಎರಡರ ಮುಚ್ಚಳವನ್ನೂ ತೆಗೆದು, ತೆಳು ಕಾಗದ ಬಿಡಿಸಿದೆ. ಬಳೆಯ ಮುಖ ಫಳಫಳ ಹೊಳೆಯುತ್ತಿತ್ತು. ಹಿಂಭಾಗ, ಅಂಚು ಎಲ್ಲ ಬಿಟ್ಟು, ಆ ಹೊಳೆಯುವ ಮುಖಕ್ಕೇ, ಅಮ್ಮನವರ ಹಣೆಗೆ ಇಡುವಷ್ಟು ಭಕ್ತಿಯಿಂದ, ನೀರಲ್ಲಿ ಕಲೆಸಿದ ಕುಂಕುಮದ ಬೊಟ್ಟು ಇಟ್ಟೆ. ಮತ್ತೆ ಕಾಗದ ಸುತ್ತಿ ಮುಚ್ಚಿದೆ. ಆ ದಿನ ಸಂಜೆ ಎಣಿಸುವಾಗ ಇದನ್ನೂ ಪುಣ್ಯಕ್ಕೆ ಸೇರಿಸಿಕೊಂಡೆ.

ಫಿಟ್ಟರು ಬಂದ, ಡಬ್ಬ ತೆಗೆದುಕೊಂಡು ಹೋದ. ಅಕ್ಕ ನಿಟ್ಟೂರಿನಿಂದ ಬಂದ ಮಾರನೆಯ ದಿನ ಫೋನು ಬಂತು. ಸೀಲು ಹಾಕಿದ ಮೂರು ಗಂಟೆಗೆ ಪಂಪು ಸೋರಿ, ಕುದಿಯುವ ಕಾಸ್ಟಿಕ್ ಸೋಡಾ ನೀರು ನೆಲಕ್ಕೆಲ್ಲಾ ಚೆಲ್ಲಿದೆ, ಕೆಲಸ ನಿಂತಿದೆ, ತಕ್ಷಣ ಬನ್ನಿ ಅಂತ. ಆ ನೀರು ಮೈಗೆ ತಾಕಿದರೆ ಚರ್ಮ ಉಳಿಯುವುದಿಲ್ಲ. ಸೋರಿದ ಹೊತ್ತಿಗೆ ಪಂಪಿನ ಪಕ್ಕ ಇರಬೇಕಾಗಿದ್ದ ಫಿಟ್ಟರು ಟೀ ಕುಡಿಯಲು ಹೋಗಿದ್ದನಂತೆ. ಆ ಒಂದು ಲೋಟ ಟೀಯನ್ನು ನಾನು ಇವತ್ತಿಗೂ ಎಣಿಸುತ್ತೇನೆ.

ಸುದ್ದಿ ಹೇಗೋ ಅಕ್ಕನ ಮೈದುನನಿಗೂ ಮುಟ್ಟಿತ್ತು. ಅವನಿಗೆ ಸಿಮೆಂಟಿನ ವ್ಯಾಪಾರ. ಮೂಟೆ ಇಡುವುದಕ್ಕೆ ಅಣ್ಣನ ಶೆಡ್ಡಿನ ಮೇಲೆ ಮೊದಲಿನಿಂದ ಕಣ್ಣು. ಅಕ್ಕ ಹೊರಡುವ ಹೊತ್ತಿಗೆ ಬೈಕು ನಿಲ್ಲಿಸಿಕೊಂಡು ಒಳಗೆ ಬಂದ.

"ಸಾಕು ಬುಡಿ ಅತ್ತಿಗೆ. ಅಣ್ಣ ಇದ್ದಾಗ ನಡೀತು. ಇದು ಗಂಡಸ್ರ ಕೆಲ್ಸ. ಯಾರಿಗಾದ್ರೂ ಏನಾದ್ರೂ ಆಗಿದ್ರೆ ಯಾರ್ ಜವಾಬ್ದಾರಿ? ಶೆಡ್ ನಂಗ್ ಬುಟ್ಟು ನೆಮ್ದಿಯಾಗಿ ಮನೇಲಿರಿ."

"ಆ ಫ್ಯಾಕ್ಟ್ರಿ ಕೈ ಬುಟ್ರೆ ತಗೋ" ಅಂದರು ಅಕ್ಕ. "ಬುಡದಿದ್ರೆ ಇನ್ನೊಂದ್ಸಲ ಈ ಬಾಗ್ಲಲ್ಲಿ ಬೈಕ್ ನಿಲ್ಲಿಸಬ್ಯಾಡ." ಆಮೇಲೆ ನನ್ನ ಕಡೆ ತಿರುಗಿ, "ಡಬ್ಬ ಕೊಟ್ಟೋಳು ನೀನು. ನಡಿ" ಅಂದರು.

ಕಬ್ಬಿಣದ ತಟ್ಟೆಗಳಲ್ಲಿ ಚಿಕ್ಕದನ್ನು ಗೋಣಿ ಚೀಲಕ್ಕೆ ಹಾಕಿ ಆ ಕಿವಿ ಅವರು, ಈ ಕಿವಿ ನಾನು ಹಿಡಿದುಕೊಂಡು ಕುಣಿಗಲ್ ಬಸ್ಸು ಹತ್ತಿದೆವು. ದೀಪದ ಪೆಟ್ಟಿಗೆ ನನ್ನ ತೊಡೆಯ ಮೇಲೆ. ಗಾಜಿನ ಬಿಲ್ಲೆ ಅಕ್ಕನ ಮಡಿಲಲ್ಲಿ, ಮೂರು ಸುತ್ತು ಬಟ್ಟೆಯೊಳಗೆ. ಹೆಬ್ಬೂರು ದಾಟಿದ ಮೇಲೆ ಅವರು, "ಗೆರೆ ನೆಟ್ಟಗಿದ್ವು ಕಣೇ. ನಾನೇ ನೋಡಿದ್ದೆ" ಅಂದರು. ಇನ್ನೊಂದು ಮೈಲಿ ಆದ ಮೇಲೆ ಮತ್ತೆ ಅದನ್ನೇ ಅಂದರು. ತಮ್ಮ ಕಣ್ಣಿನ ಮೇಲೆ ಅವರಿಗೆ ಅನುಮಾನ ಬಂದಿದ್ದನ್ನು ನಾನು ನೋಡಿದ್ದು ಆ ಒಂದೇ ದಿನ. ಗಂಡನ ಕಣ್ಣು ಹೋದ ಹಾಗೆ ತನ್ನದೂ ಹೋಗುತ್ತಿದೆಯೇನೋ ಅಂತ ಅವರು ಯೋಚಿಸುತ್ತಿದ್ದರು ಅನ್ನಿಸುತ್ತದೆ. ನನಗಾಗ ಏನೂ ಹೊಳೆಯಲಿಲ್ಲ. ಮನೆದೇವರಿಗೆ ಹರಕೆ ಹೊರುತ್ತಾ ಕೂತಿದ್ದೆ.

ಕಾರ್ಖಾನೆಯ ಮ್ಯಾನೇಜರು ಬಿಚ್ಚಿದ ಸೀಲನ್ನು ಮೇಜಿನ ಮೇಲೆ ಇಟ್ಟಿದ್ದರು. ಕಪ್ಪು ಬಳೆಯ ಮುಖದ ಮೇಲೆ ಸುತ್ತಲೂ ಗೀರು.

"ನೋಡಿಮ್ಮ, ಇನ್ಮೇಲೆ ರಿಪೇರಿ ಗಿಪೇರಿ ಏನೂ ಬೇಡ. ಹೊಸದೇ ತರಿಸ್ತೀವಿ" ಅಂದರು. "ಮನೆ ಕೆಲಸದ ಮಧ್ಯ ಮಾಡೋ ಕೆಲಸ ಅಲ್ಲ ಇದು."

ಅಕ್ಕ ಬಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಉಗುರಿನಿಂದ ಗೀರಿನೊಳಗಿಂದ ಏನೋ ಕೆರೆದು ಮೂಸಿದರು. "ಇನ್ನೊಂದು ಡಬ್ಬ ಹಾಕಿಲ್ವಲ್ಲ? ತರ್ಸಿ" ಅಂದರು.

ಫಿಟ್ಟರು ತಂದ. ಎಲ್ಲರೆದುರು ಅಕ್ಕ ಮುಚ್ಚಳ ತೆಗೆದು ಕಾಗದ ಬಿಡಿಸಿದರು. ಕನ್ನಡಿಯಂಥ ಮುಖದ ಮೇಲೆ, ಮಾಸದೆ, ಒಣಗಿ ಗಟ್ಟಿಯಾಗಿ, ನನ್ನ ಉಂಗುರ ಬೆರಳಿನ ಗಾತ್ರದ ಕುಂಕುಮದ ಬೊಟ್ಟು.

ಅಕ್ಕ ನನ್ನ ಹಣೆಯನ್ನು ಒಂದು ಸಲ ನೋಡಿದರು. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ತಪ್ಪು ನಮ್ ಶೆಡ್ಡಿಂದು ಸಾರ್" ಅಂದರು. ನನ್ನ ಸುದ್ದಿ ಎತ್ತಲಿಲ್ಲ.

ಅದನ್ನು ನುಂಗಿಕೊಂಡು ಇರಲು ನನ್ನಿಂದ ಆಗಲಿಲ್ಲ. "ನಾನು ಸಾರ್ ಇಟ್ಟಿದ್ದು. ಆಯುಧ ಪೂಜೆಗೆ. ಅಕ್ಕ ಊರಲ್ಲೇ ಇರ್ಲಿಲ್ಲ" ಅಂದೆ.

ಫಿಟ್ಟರು ತಲೆ ಕೆರೆದುಕೊಂಡ. "ನಂಗೂ ಕಂಡಿತ್ತು ಸಾರ್, ಹಾಕೋವಾಗ. ಪೂಜೆ ಕುಂಕುಮ ಅಲ್ವಾ, ಒರೆಸೋಕೆ ಮನಸ್ಸು ಬರ್ಲಿಲ್ಲ. ಒಳ್ಳೇದೇ ಆಗ್ಲಿ ಅಂತ ಹಂಗೇ ಹಾಕ್ದೆ."

ಮ್ಯಾನೇಜರು ಅವನನ್ನು ನೋಡಿದರು, ನನ್ನನ್ನು ನೋಡಿದರು. ತಮ್ಮ ಮೇಜಿನ ಪಕ್ಕದ ಬೀರುವಿನ ಮೇಲೆ ಇನ್ನೂ ಇದ್ದ ಕುಂಕುಮವನ್ನೂ ನೋಡಿದರು. "ಶೆಡ್ ಇವರದು. ಪೂಜೆ ನೀವ್ಯಾಕಮ್ಮ ಮಾಡಿದ್ರಿ?" ಅಂದರು.

"ಅವರು ಮಾಡೋ ಹಾಗಿಲ್ವಲ್ಲ ಸಾರ್" ಅಂದೆ. ಬಾಯಿಂದ ಬಂದ ಮೇಲೆ ಅದು ಹೇಗೆ ಕೇಳಿಸಿತು ಅಂತ ಗೊತ್ತಾಯಿತು.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಗೋಣಿ ಚೀಲದಿಂದ ತಟ್ಟೆ ಎತ್ತಿ ಮ್ಯಾನೇಜರ ಮೇಜಿನ ಮೇಲೆ, ಅವರ ಕಾಗದ ಪತ್ರ ಪಕ್ಕಕ್ಕೆ ಸರಿಸಿ, ಧಪ್ಪನೆ ಇಟ್ಟರು. "ಸೀಲು ಸತ್ತಿಲ್ಲ ಸಾರ್. ಗೀರು ಮೇಲ್ಗಡೆ ಅಷ್ಟೇ. ನಿಮ್ ಕಣ್ಮುಂದೆನೇ ಉಜ್ತೀನಿ. ಸೋರಿದ್ರೆ ನಾನೇ ಶೆಡ್ಡಿಗೆ ಬೀಗ ಹಾಕ್ತೀನಿ. ಸೋರದಿದ್ರೆ ಮನೆ ಕೆಲ್ಸದ ಮಾತು ವಾಪಸ್ ತಗೋಬೇಕು."

ಮ್ಯಾನೇಜರು ಎದ್ದು ಜಾಗ ಬಿಟ್ಟರು.

ಎರಡು ಗಂಟೆ ಉಜ್ಜಿದರು. ಸರ್‌ ಸರ್‌ ಅನ್ನುವ ಆ ಶಬ್ದ ಕೇಳಿ ಆಫೀಸಿನ ಗುಮಾಸ್ತರೆಲ್ಲ ಬಾಗಿಲಲ್ಲಿ ನಿಂತರು. ತೊಳೆದು, ಗಾಜು ಇಟ್ಟು, ದೀಪದ ಕೆಳಗೆ ಹಿಡಿದರು. ಗೆರೆ ಬಾಗಿತ್ತು. ಮತ್ತೆ ಉಜ್ಜಿದರು. ಮತ್ತೆ ಹಿಡಿದರು. ಈ ಸಲ ತಾವು ನೋಡುವ ಮೊದಲು ನನ್ನ ಕಡೆ ಪೆಟ್ಟಿಗೆ ತಿರುಗಿಸಿ, "ನೋಡಿ ಹೇಳು" ಅಂದರು. ನನ್ನ ಕಣ್ಣಲ್ಲಿ ನೀರಿತ್ತು. ಒರೆಸಿಕೊಂಡು ನೋಡಿದೆ. ಗೆರೆಗಳು ನಾನು ಮನೆಯ ಮುಂದೆ ಎಳೆಯುವ ರಂಗೋಲಿ ಎಳೆಗಳಿಗಿಂತ ನೆಟ್ಟಗಿದ್ದವು. ಹೇಳಿದೆ. ಅಕ್ಕ ತಲೆ ವಾಲಿಸಿ ನೋಡಿ, "ಆಯ್ತು" ಅಂದರು.

ಫಿಟ್ಟರು ಸೀಲು ಕೂರಿಸಿದ. ಪಂಪಿನ ಕೆಳಗೆ ಒಣ ನ್ಯೂಸ್‌ಪೇಪರು ಹಾಸಿದರು. ಪಂಪು ಶುರುವಾಯಿತು. ಒಂದು ಗಂಟೆ ಆಯಿತು, ಮೂರು ಗಂಟೆ ಆಯಿತು, ಸಂಜೆ ಐದೂ ಆಯಿತು. ಮ್ಯಾನೇಜರೇ ಬಗ್ಗಿ ಪೇಪರು ಮುಟ್ಟಿ ನೋಡಿದರು. ಗರಿಗರಿಯಾಗಿತ್ತು.

"ಸರಿಯಮ್ಮ. ಮೊದಲಿನ ಹಾಗೇ ಕಳಿಸ್ತೀವಿ" ಅಂದರು. ಮಾತು ವಾಪಸ್ಸು ತಗೊಂಡಿದ್ದು ಅಷ್ಟರಲ್ಲೇ. "ಆದ್ರೆ ಇನ್ಮೇಲೆ ಪೂಜೆ ಗೀಜೆ ಬೇಡ ಮತ್ತೆ."

"ಪೂಜೆ ಬೇಕು ಸಾರ್" ಅಂದರು ಅಕ್ಕ. "ಮುಂದಿನ ವರ್ಷದಿಂದ ನಾನೇ ಮಾಡ್ತೀನಿ. ಎಲ್ಲಿ ಇಡಬಾರ್ದು ಅಂತ ಗೊತ್ತಿರೋರು ಇಟ್ರೆ ಸೋರಲ್ಲ."

ವಾಪಸ್ಸು ಬಸ್ಸಿನಲ್ಲಿ ನಾನು ಬೈಗುಳಕ್ಕೆ ಕಾದೆ. ಅವರು ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಕಡೆಗೆ ನಾನೇ, "ತಪ್ಪಾಯ್ತಕ್ಕ. ಕುಂಕುಮ ಇಷ್ಟು ಮಾಡುತ್ತೆ ಅಂತ ಗೊತ್ತಿರ್ಲಿಲ್ಲ" ಅಂದೆ.

"ಕುಂಕುಮ ಇಟ್ಟಿದ್ದು ತಪ್ಪಲ್ಲ ಕಣೇ. ಅದು ಗೊತ್ತಿಲ್ದೆ ಮಾಡಿದ್ದು, ಉಜ್ಜಿದ್ರೆ ಹೋಗತ್ತೆ." ನನ್ನ ಕಡೆ ತಿರುಗಿದರು. "ನನ್ ಶೆಡ್ಡು, ನನ್ ತಟ್ಟೆ, ನನ್ ಕೈ. ನಾನು ಇಡಬಾರ್ದು ಅಂತ ನಿಂಗೆ ಹೇಳ್ದೋರ್ ಯಾರು? ದೇವ್ರು ಬಂದು ಹೇಳಿದ್ನಾ? ದಿನಾ ಮಾತಾಡ್ತೀಯಲ್ಲ, ಕೇಳು ಇವತ್ತು."

ಆ ಸಂಜೆ ದೀಪದ ಮುಂದೆ ಕೂತು ಕೇಳಿದೆ. ದೇವರು ಬೇಡ ಅನ್ನಲಿಲ್ಲ. ಬೇಡ ಅಂದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದುಕೊಂಡೆ. ಎಲ್ಲರೂ ಮನುಷ್ಯರೇ, ಅದರಲ್ಲಿ ನಾನೂ ಇದ್ದೆ. ಆ ದಿನ ಬೆರಳ ಗೆಣ್ಣು ಎಣಿಸದೆ ಎದ್ದೆ.

ಮುಂದಿನ ವರ್ಷದ ಹಬ್ಬಕ್ಕೆ ಮೈದುನ ಹೆಂಡತಿಯನ್ನು ಕರೆದುಕೊಂಡು ಬಂದ. ಬೈಕನ್ನು ಬೀದಿಯ ಆಚೆ ನಿಲ್ಲಿಸಿದ್ದ ಅನ್ನುವುದನ್ನು ನಾನು ಗಮನಿಸಿದೆ. ಅಕ್ಕ ತಾನೇ ಪೂಜೆ ಮಾಡುತ್ತಾಳಂತೆ ಅನ್ನುವ ಸುದ್ದಿ ಹಬ್ಬಿ ಬೀದಿಯ ನಾಲ್ಕಾರು ಹೆಂಗಸರೂ ಕಾಂಪೌಂಡಿನ ಹೊರಗೆ ನಿಂತಿದ್ದರು. "ಅತ್ತಿಗೆ, ಜನ ಏನಂತಾರೆ? ಮುತ್ತೈದೆ ಇದಾಳೆ ಇವ್ಳು, ಇವ್ಳ ಕೈಲಿ ಇಡಿಸಿ" ಅಂದ ಮೈದುನ.

"ಇಡ್ಲಿ" ಅಂದರು ಅಕ್ಕ. ತಟ್ಟೆಗಳ ಕಡೆ ಕೈ ತೋರಿಸಿ ಆ ಹುಡುಗಿಯನ್ನು ಮೆತ್ತಗೆ ಕೇಳಿದರು. "ಇದ್ರಲ್ಲಿ ಎಲ್ಲಿ ಮುಟ್ಟಿದ್ರೆ ಕೆಡತ್ತೆ, ಎಲ್ಲಿ ಮುಟ್ಟಿದ್ರೆ ಕೆಡಲ್ಲ, ಹೇಳವ್ವ. ಗೊತ್ತಿದ್ರೆ ನೀನೇ ಇಡು. ನಂಗೇನೂ ಬ್ಯಾಸರ ಇಲ್ಲ."

ಅವಳು ಗಂಡನ ಮುಖ ನೋಡಿದಳು. ಅವನು ತಟ್ಟೆಯ ಮುಖ ನೋಡಿದ. ಹದಿನೈದು ವರ್ಷ ಅಣ್ಣನ ಶೆಡ್ಡಿಗೆ ಬಂದು ಹೋಗಿದ್ದವನಿಗೆ ಅದು ಯಾವುದಕ್ಕೆ ಅಂತಲೂ ಗೊತ್ತಿರಲಿಲ್ಲ.

ಅರಿಶಿನ ಕುಂಕುಮದ ತಟ್ಟೆ ನನ್ನ ಕೈಯಲ್ಲಿತ್ತು. ನಮ್ಮತ್ತೆ ಕಾಂಪೌಂಡಿನ ಆಚೆಯಿಂದ ನನ್ನ ಹೆಸರು ಹಿಡಿದು ಕರೆದರು. ಎಲ್ಲರ ಮುಂದೆ, ಎರಡು ಸಲ. ಮದುವೆಯಾಗಿ ಅಷ್ಟು ವರ್ಷದಲ್ಲಿ ಅತ್ತೆ ಕರೆದು ನಾನು ಹೋಗದೆ ಇದ್ದಿದ್ದು ಅದೇ ಮೊದಲು. ಹೋಗದೆ ತಟ್ಟೆಯನ್ನು ಅಕ್ಕನ ಮುಂದೆ ಹಿಡಿದೆ.

ಅಕ್ಕ ಉಂಗುರ ಬೆರಳಲ್ಲಿ ಕುಂಕುಮ ತೆಗೆದುಕೊಂಡು ಮೋಟರಿಗೆ ಇಟ್ಟರು. ದೀಪದ ಪೆಟ್ಟಿಗೆಗೆ ಇಟ್ಟರು. ಕಬ್ಬಿಣದ ತಟ್ಟೆಯ ಪಕ್ಕದ ಅಂಚಿಗೆ, ಬೆರಳು ಮೇಲೆ ಜಾರದ ಹಾಗೆ ಹುಷಾರಾಗಿ ಇಟ್ಟರು. ಅದರ ಮುಖ ಹಾಗೇ ಬೆಳ್ಳಗೆ ಇತ್ತು. ಡಬ್ಬಗಳಿಗೆ ಮುಚ್ಚಳದ ಮೇಲೆ ಇಟ್ಟರು. ಬೆರಳಲ್ಲಿ ಉಳಿದಿದ್ದನ್ನು ಗೋಡೆಯ ಮೇಲಿನ ಯಜಮಾನರ ಫೋಟೊಗೆ ಹಚ್ಚಿ, "ಇವ್ರೂ ಈ ಶೆಡ್ಡಿನ ಸಾಮಾನೇ" ಅಂದರು. ಕಾಂಪೌಂಡಿನ ಹೊರಗೆ ಯಾರೋ ಒಬ್ಬರು ನಕ್ಕರು. ಆಮೇಲೆ ಇನ್ನೊಬ್ಬರು. ಮೈದುನ ಪೂಜೆಯ ಚರ್ಪು ಹಂಚುವವರೆಗೂ ನಿಲ್ಲಲಿಲ್ಲ.

ಅಲ್ಲಿಂದಾಚೆ ಹತ್ತು ಹನ್ನೆರಡು ವರ್ಷ ಆ ಶೆಡ್ಡಿನಲ್ಲಿ ಸರ್‌ ಸರ್‌ ಶಬ್ದ ನಿಲ್ಲಲಿಲ್ಲ. ಪ್ರತಿ ಹಬ್ಬಕ್ಕೂ ಅವರೇ ಕುಂಕುಮ ಇಟ್ಟರು. ಒಂದು ಸೀಲೂ ಅದಕ್ಕಾಗಿ ಸೋರಲಿಲ್ಲ. ಯಾರಿಗಾದರೂ ಅನುಮಾನವಿದ್ದರೆ ಕುಣಿಗಲ್‌ನಲ್ಲಿ ಕೇಳಬಹುದು.

ನಮ್ಮ ಯಜಮಾ‌ನರು ತೀರಿಕೊಂಡ ವರ್ಷ ಹಬ್ಬ ಬಂತು. ಅಡಿಗೆ ಮನೆಯಲ್ಲಿ ಅವರು ತಂದುಕೊಟ್ಟಿದ್ದ ಗ್ರೈಂಡರು ಇತ್ತು. ಮಗಳು ತಟ್ಟೆ ಹಿಡಿದು ನಿಂತಿದ್ದಳು. ಹಾಸಿಗೆಯಿಂದಲೇ ಅತ್ತೆ, "ಮಗೀನ್ ಕೈಲಿ ಇಡಿಸು" ಅಂದರು. ನಾನು ಮಗಳ ಕೈಯಿಂದ ತಟ್ಟೆ ಇಸಿದುಕೊಂಡೆ. ಗ್ರೈಂಡರಿನ ಮೈಗೆ ಅರಿಶಿನ ಕುಂಕುಮ ಇಟ್ಟೆ. ಕಲ್ಲು ಕಲ್ಲಿಗೆ ತಾಗುವ ಜಾಗಕ್ಕೆ ಇಡಲಿಲ್ಲ.

ತಲೆ ಎತ್ತಿದರೆ ಹಿತ್ತಲ ಬಾಗಿಲಲ್ಲಿ ಅಕ್ಕ. ಮಂಡಿ ನೋವಿನಿಂದ ಆಗಲೇ ಕೋಲು ಹಿಡಿದಿದ್ದರು. ನನಗೆ ಸಮಾಧಾನ ಹೇಳಲು ಬಂದಿರಲಿಲ್ಲ, ಸೋತ ಮುಖ ಮಾಡಲೂ ಬಂದಿರಲಿಲ್ಲ. ಗ್ರೈಂಡರನ್ನು, ತಲೆ ಒಂದು ಕಡೆ ವಾಲಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ, ಬಹಳ ಹೊತ್ತು ನೋಡಿದರು.

"ಆಯ್ತು" ಅಂದರು.